ಸಹಿ ಹಾಕಿಟ್ಟ ಹಾಳೆ

ಯಳಂದೂರು, ಜುಲೈ 1968

ಮುತ್ತಯ್ಯ,

ನೀನು ತೀರಿಕೊಂಡು ಮೂರು ತಿಂಗಳಾಯಿತು. ಇವತ್ತು ನಿನ್ನ ಹೆಂಡತಿ ದೊಡ್ಡಮಾದಮ್ಮ ನಮ್ಮ ಎಮ್ಮೆಲ್ಲೆ ಸಾಹೇಬರ ಮನೆಗೆ ಬಂದಿದ್ದಳು. ಮಗಳ ಹಾಸ್ಟೆಲ್ ಸೀಟಿಗೆ ಶಿಫಾರಸು ಪತ್ರ ಬೇಕಂತೆ. ಸಾಹೇಬರು ಅಧಿವೇಶನಕ್ಕೆ ಹೋಗಿದ್ದಾರೆ. ಎಂದಿನಂತೆ ಖಾಲಿ ಲೆಟರ್‌ಹೆಡ್‌ಗಳಿಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟಿದ್ದಾರೆ.

ಹಿಂದೊಮ್ಮೆ ಅಂಥದ್ದೇ ಒಂದು ಹಾಳೆಯಲ್ಲಿ ಅವರಿಗೆ ಹೇಳದೆ ಧನಗೆರೆಯ ನನ್ನ ನೆಂಟನ ಕೆಲಸಕ್ಕೆ ಬರೆದುಕೊಟ್ಟವನು ನಾನು. ಒಂದು ಹಾಳೆ ಕಮ್ಮಿ ಬಂತೆಂದು ಸಾಹೇಬರು ಕೇಳಿದಾಗ, ಬೀರುವಿನ ಬೀಗದ ಕೈ ಜವಾನ ಮುತ್ತಯ್ಯನ ಹತ್ತಿರವೂ ಇರುತ್ತದೆ ಎಂದಷ್ಟೇ ಹೇಳಿದೆ. ಅವತ್ತೇ ನಿನ್ನ ಕೆಲಸ ಹೋಯಿತು. ನೀನು ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದೆ.

ಇವತ್ತು ಒಂದು ಹಾಳೆ ತೆಗೆದು ಬರೆಯಲು ಕೂತೆ. ಅವಳೇ ತಡೆದಳು.

"ಸಾಯೇಬ್ರು ಬರ್ಲಿ ಸಾ, ಅವ್ರ್ನ ಕೇಳ್ಬುಟ್ಟು ಬರೀರಿ. ಒಂದ್ ಹಾಳೆಯಿಂದ ನಮ್ಮನೆಯೋರ್ಗೆ ಕೆಟ್ಟೆಸರು ಬಂತು. ನಿಮ್ಗೂ ಬರೋದು ಬ್ಯಾಡ."

ಕಾಫಿ ಕುಡಿದು ಹೋಗು ಅಂದೆ. ಬಸ್ಸಿಗೆ ಹೊತ್ತಾಯಿತು ಅಂದಳು. ಬಾಗಿಲಲ್ಲಿ ನಿಂತು ನೋಡಿದೆ, ಬಸ್ ನಿಲ್ದಾಣದ ಕಡೆ ತಿರುಗದೆ ನಿಮ್ಮೂರು ಹೊನ್ನೂರಿನ ಕಡೆ ನಡೆದೇ ಹೋದಳು.

ಆ ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಿನಗೆ ಬರೆಯಲು ಅಂಗಡಿಯಿಂದ ಬೇರೆ ಕಾಗದ ತಂದೆ.

ಷಡಕ್ಷರಿ