ಅಮ್ಮ ಅಲುಗಾಡದೆ ಮಲಗಿದ ಭಾನುವಾರ

ಶುಕ್ರವಾರ ಬೆಳಿಗ್ಗೆ,
ಆಸ್ಪತ್ರೆಯ ಬೆಂಚಿನ ಮೇಲಿಂದ

ನನ್ನ ಮುಂಗೋಪಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಾಗದ ತಡವಾಯಿತು, ಬೈಯಬೇಡ. ಫೋನನ್ನಂತೂ ನೀನು ಎತ್ತುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಅಮ್ಮ ಗಂಡಾಂತರದಿಂದ ಪಾರಾಗಿದ್ದಾಳೆ. ಈಗಷ್ಟೇ ನನ್ನ ಅಂಗಿಯ ಕಾಲರ್ ನೋಡಿ ಗದರಿದಳು. ಗುಣವಾಗುತ್ತಿರುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಭಾನುವಾರ ನೀನು ಮದುವೆಯಾಗಬೇಕೆಂದಿರುವ ಹುಡುಗನನ್ನು ಕರೆತಂದಾಗ ಅವಳು ಮಂಚ ಬಿಟ್ಟು ಏಳಲೇ ಇಲ್ಲ. "ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತು" ಎಂದು ನೀನು ಧುಮುಗುಡುತ್ತ ಹೊರಟೆ. ಮಹಾ ಬುದ್ಧಿವಂತನಾದ ನಾನು ಒಳಗೊಳಗೇ ಹಿಗ್ಗಿದೆ. ಹೊಲಿಗೆ ಯಂತ್ರ ಬಿಟ್ಟರೆ ಒಲೆ, ಒಲೆ ಬಿಟ್ಟರೆ ಪೊರಕೆ ಹಿಡಿಯುವ ನಿನ್ನಮ್ಮ ಕೊನೆಗೂ ವಿಶ್ರಾಂತಿ ಕಲಿತಳಲ್ಲ! ಪಕ್ಕದ ಮನೆಗೂ ಹೋಗಿ ಕೊಚ್ಚಿಕೊಂಡು ಬಂದೆ.

ಸೋಮವಾರ ಜ್ವರ ಏರಿತು, ಕಾರಿನಲ್ಲಿ ಆಸ್ಪತ್ರೆಗೆ ಕರೆತಂದೆ. ಇಲ್ಲಿನ ಡಾಕ್ಟರಮ್ಮನಿಗೆ ನಿನ್ನದೇ ವಯಸ್ಸು. "ರಸ್ತೆ ಹಂಪ್ ಮೇಲೆ ಕಾರು ಹತ್ತಿಳಿದಾಗ ನೋವು ಜಾಸ್ತಿ ಆಯ್ತಾ?" ಎಂದರು.

"ನಮ್ಮ ಕಾರು ಸ್ವಲ್ಪ ಹಳೇದು" ಎಂದೆ ನಾನು, ಗಂಭೀರವಾಗಿ.

"ಯಜಮಾನ್ರೇ, ಅವರು ಹೇಳ್ಲಿ."

ಕೆಮ್ಮಿಸಿದರು, ಅಮ್ಮ ಮುಖ ಕಿವುಚಿದಳು. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕಿಳಿದಿತ್ತು. ಅಲ್ಲಿ ಮೆಲ್ಲಗೆ ಒತ್ತಿ ಫಕ್ಕನೆ ಕೈ ತೆಗೆದಾಗ, ಬೆರಳಿಗೆ ಸೂಜಿ ಹೊಕ್ಕರೂ ಉಸಿರೆತ್ತದ ನಿನ್ನಮ್ಮ ಕಿರುಚಿದಳು.

"ನಿನ್ನೆಯಿಂದ ಆರಾಮಾಗಿ ಮಲಗಿದ್ಲಲ್ಲ ಡಾಕ್ಟ್ರೇ?"

"ಆರಾಮಲ್ಲ ಸಾರ್, ಅಲುಗಾಡಿದ್ರೆ ಜೀವ ಹೋಗುತ್ತೆ ಅಂತ ಮಲಗಿದ್ದಾರೆ. ಹೊರಳಾಡೋರಿಗಿಂತ ಹೀಗೆ ಕಲ್ಲಿನ ಹಾಗೆ ಮಲಗೋರನ್ನ ಕಂಡ್ರೇ ನನಗೆ ಹೆದರಿಕೆ."

ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕೂಡಲೇ ಆಪರೇಷನ್. ಅಪೆಂಡಿಕ್ಸ್ ಒಡೆದು ಕೀವು ಹರಡತೊಡಗಿತ್ತಂತೆ. ಆ ಡಾಕ್ಟರಮ್ಮ ಎಂಥ ಹುಡುಗಿ ಮಾರಾಯ್ತಿ! ಯಂತ್ರ ಆಮೇಲೆ ಹೇಳಿದ್ದನ್ನು ಅವರ ಕಣ್ಣು, ಕೈ ಮೊದಲೇ ಹೇಳಿದ್ದವು. ಆಪರೇಷನ್ ಮುಗಿದ ಮೇಲೆ ಅವರು ಹೊರಗೆ ಬಂದು "ಗಟ್ಟಿಗಿತ್ತಿ ನಿಮ್ಮನೆಯವ್ರು" ಎಂದಾಗ ಎರಡೂ ಕೈ ಜೋಡಿಸಿದೆ. ನಿನ್ನಮ್ಮನನ್ನು ಬಿಟ್ಟು ಇನ್ನೊಬ್ಬ ಹೆಂಗಸಿಗೆ ನಾನು ಹಾಗೆ ಶರಣಾಗಿದ್ದು ಇದೇ ಮೊದಲು.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಆ ಹುಡುಗನಿಗೂ ಆಶೀರ್ವಾದ ತಿಳಿಸು.

ನಿನ್ನ
ಅಪ್ಪ

ತಾ.ಕ.: ನೋವನ್ನು ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. "ಮಗಳು ಮೊದಲ್ನೇ ಸಲ ಹುಡುಗನ್ನ ಕರ್ಕೊಂಡು ಬಂದಿದ್ಲು. ಆವತ್ತೇ ಹೊಟ್ಟೆ ಹಿಡ್ಕೊಂಡು ಅಳ್ಲಾ?" ಎಂದಳು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿ, "ಬಾಗಿಲ ಹತ್ರ ಒಂದ್ಸಲ ತಿರುಗಿ ನೋಡ್ತಾಳೆ, ಕೈ ಬೀಸೋಣ ಅಂತ ಹೊದಿಕೆಯಿಂದ ಕೈ ಆಚೆ ಇಟ್ಕೊಂಡಿದ್ದೆ" ಎಂದಳು.