ದೀಪ ಆರಿಸಿದ ಮೇಲೂ ಕಪ್ಪು ಗೆರೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಭಾವನ ಜೊತೆ ಗೋದಾಮು ಕಾಯುತ್ತಿದ್ದವರು ನಿನ್ನನ್ನು ಮದುವೆಯಾಗಲು ಕೇಳಿದ್ದಾರೆ, ಹೂಂ ಅನ್ನಲೇ ಎಂದು ನೀನು ಕೇಳಿದ್ದೆ. "ಕತ್ತಲಲ್ಲಿ ಟಾರ್ಚ್ ಇಲ್ದೆ ಬಂದ್ರು, ಕಳ್ಳ ಅಂದ್ಕೊಂಡು ಹಾರಿಸ್ಬಿಟ್ಟೆ" ಎಂದು ಭಾವನ ಸಾವು ನೆನೆದು ಅವರು ಇವತ್ತಿಗೂ ಅಳುತ್ತಾರಂತೆ.

ಲ್ಯಾಬಿನಲ್ಲಿ ನನ್ನ ಕೆಲಸ ಇನ್ನೂ ಅದೇ, ಬಂದೂಕಿನ ಪರೀಕ್ಷೆ. ಬಂದೂಕು ಹಾರಿದಾಗ ಬಾಯಲ್ಲಿ ಫಕ್ಕನೆ ಹೊಳೆಯುತ್ತದಲ್ಲ, ಆ ಬೆಂಕಿಯ ಕಾವು ಅಳೆಯುವುದು. ಅದಕ್ಕೇನು ಥರ್ಮಾಮೀಟರ್ ಇಡಲಾಗುತ್ತದೆಯೇ? ಮದ್ದಿಗೆ ಚಿಟಿಕೆ ಉಪ್ಪು ಬೆರೆಸುತ್ತೇವೆ. ಸಾರಿಗೆ ಮಾತ್ರ ಮರೆಯುತ್ತೀಯ ಎಂದು ನಗಬೇಡ! ಬೆಂಕಿಯ ಹಿಂದೆ ಒಂದು ದೀಪ ಇಟ್ಟು, ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ಚಿತ್ರ ತೆಗೆಯುತ್ತೇವೆ. ಬೆಂಕಿ ದೀಪಕ್ಕಿಂತ ಬಿಸಿಯಿದ್ದರೆ ಉಪ್ಪಿನ ಹಳದಿ ಗೆರೆ ಹೊಳೆಯುತ್ತದೆ, ತಣ್ಣಗಿದ್ದರೆ ಕಪ್ಪಾಗುತ್ತದೆ. ಹಿಂದೆ ಬೆಳಕೇ ಇಲ್ಲದಿದ್ದರೆ ಗೆರೆ ಕಪ್ಪಾಗುವ ಮಾತೇ ಇಲ್ಲ.

ಹೋದ ವಾರ ಕೋರ್ಟಿನಿಂದ ಬಂದ ಹಳೇ ಬಂದೂಕೊಂದನ್ನು ಸ್ಟ್ಯಾಂಡಿಗೆ ಬಿಗಿದು, ಪಕ್ಕದ ಕೋಣೆಯಿಂದ ಹಗ್ಗ ಎಳೆದೆವು. ಗೆರೆ ಕಪ್ಪು. ದೀಪ ಮಂದ ಮಾಡಿದರೂ ಕಪ್ಪು. ಕೊನೆಗೆ ದೀಪವನ್ನೇ ಆರಿಸಿದೆ. ಆಗಲೂ ಕಪ್ಪು, ಅಕ್ಕ!

"ಯಾರ್ರೀ ಅದು, ಆ ಕಡೆ ಲೈಟ್ ಹಾಕ್ಕೊಂಡು ನಿಂತಿರೋದು?" ಎಂದು ಬಂದೂಕು ಬಿಗಿಯುವ ಮೇಸ್ತ್ರಿ ರೇಗಿದರು. ಹೋಗಿ ನೋಡಿದರೆ ಗುಂಡು ತಡೆಯುವ ಮರಳಿನ ಗುಡ್ಡೆ ಬಿಟ್ಟು ಏನೂ ಇಲ್ಲ. ಬೇರೆ ಬಂದೂಕು ಬಿಗಿದರೆ ಎಲ್ಲ ಸರಿ. ಇದನ್ನು ಬಿಗಿದರೆ ಮತ್ತೆ ಚಿತ್ರದಲ್ಲಿ ಆ ಬೆಳಕು. ಸೊಂಟದ ಎತ್ತರದಲ್ಲಿ, ಚಿಕ್ಕ ಬಲ್ಬಿನಷ್ಟು. ಪ್ರತಿ ಸಲವೂ ಮೊದಲಿಗಿಂತ ಪ್ರಖರ, ಯಾರೋ ನಮ್ಮ ಕಡೆಗೇ ನಡೆದು ಬರುತ್ತಿರುವ ಹಾಗೆ. ಮೇಸ್ತ್ರಿ "ನನ್ ಕೈಲಾಗಲ್ಲಮ್ಮ, ನೀವೇ ಎಳ್ಕೊಳ್ಳಿ" ಎಂದು ಹಗ್ಗ ಬಿಟ್ಟು ಹೊರಗೆ ಹೋದರು. ಬಲ್ಬು ಎಂಥದ್ದೆಂದು ಅದರ ಕಾವು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಒಬ್ಬಳೇ ಇನ್ನೊಂದು ಸಲ ಎಳೆದೆ.

ಪುಟ್ಟಿಗೆ ನನ್ನ ಆಶೀರ್ವಾದ, ಎರಡೂ ಕೆನ್ನೆಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ

ತಾ.ಕ.: ಆ ಬಂದೂಕಿಗೆ ಕಟ್ಟಿದ್ದ ಚೀಟಿಯಲ್ಲಿ, ಸತ್ತವರು ಎನ್ನುವ ಕಡೆ, ಭಾವನ ಹೆಸರಿತ್ತು. ಟಾರ್ಚಿಗೆ ಹೊಸ ಸೆಲ್ಲು ಹಾಕದೆ ಕಳಿಸಿದೆ, ನಾನೇ ಕೊಂದೆ ಎಂದು ಇಷ್ಟು ವರ್ಷ ನೀನು ಅತ್ತೆಯಲ್ಲ, ಇನ್ನು ಅಳಬೇಡ. ಕೊನೆಯ ಸಲ ಅಳೆದಾಗ ಬಂದದ್ದು ಟಾರ್ಚ್ ಬಲ್ಬಿನದೇ ಕಾವು. ಭಾವನ ಟಾರ್ಚ್ ಚೆನ್ನಾಗಿಯೇ ಉರಿಯುತ್ತಿತ್ತು, ಅಕ್ಕ. ಅವನಿಗೆ ಹೂಂ ಅನ್ನಬೇಡ. ಆ ಬೆಳಕು ನೋಡಿಯೇ ಅವನು ಗುರಿಯಿಟ್ಟದ್ದು.