ಸವತಿಕಾಯಿ, ‘ಖರೇನ ಬಾರಿ’ ಮತ್ತು ಒಂದು ಕೀಲಿಕೈ

ಪೌಷ್ಟಿಕ ಆಹಾರ ಜಾಗೃತಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮದೊಂದು ಪೋಸ್ಟರು, ನಿಮ್ಮದೊಂದು ಬೀಗ ಎರಡೂ ಸೇರಿ ಸವತಿಕಾಯಿ ಮಾರುವ ಹೆಂಗಸೊಬ್ಬಳನ್ನು ದವಾಖಾನೆಯ ಮಂಚಕ್ಕೆ ಹಾಕಿದವು. ಅವಳ ಹೆಸರು ಭಾಗವ್ವ, ಊರು ಚಿಮ್ಮಡ. ಪೋಸ್ಟರಿನ ವಿಷಯ ಮೊದಲು ಹೇಳುತ್ತೇನೆ, ಬೀಗದ್ದು ಆಮೇಲೆ. ಇದನ್ನೆಲ್ಲ ಕಚೇರಿಗೆ ಬಂದು ಹೇಳಬಹುದಿತ್ತಲ್ಲ ಎನ್ನಬೇಡಿ. ಬಂದಿದ್ದೆ. ಸಾಹೇಬರು ಜಾಗೃತಿ ಸಪ್ತಾಹದಲ್ಲಿದ್ದಾರೆ ಎಂದರು. ಸಪ್ತಾಹ ಮುಗಿದ ಮೇಲೆ ಮತ್ತೆ ಬಂದೆ, ಸಪ್ತಾಹದ ವರದಿ ಬರೆಯುವುದರಲ್ಲಿದ್ದಾರೆ ಎಂದರು. ಜಾಗೃತರಾದವರು ಕೈಗೆ ಸಿಗುವುದಿಲ್ಲ ಎಂದು ಅರ್ಥವಾಗಿ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಬನಹಟ್ಟಿ ಕಡೆಯ ನಮ್ಮ ಸಂತೆಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಯಜಮಾನರು ಸರಕಿಗೆಂದು ಜಮಖಂಡಿ, ಮುಧೋಳ ತಿರುಗುತ್ತಾರೆ, ಅಂಗಡಿಯಲ್ಲಿ ಕೂರುವವಳು ನಾನು. ಮನೆ ದೂರ. ಅಂಗಡಿಯ ಕಟ್ಟೆಯ ಕೆಳಗೆ ಭಾಗವ್ವ ಬುಟ್ಟಿ ಇಳಿಸುತ್ತಾಳೆ. ಎಳೆಯ ಸವತಿಕಾಯಿಯನ್ನು ಉದ್ದಕ್ಕೆ ಸೀಳಿ, ಉಪ್ಪು ಖಾರ ಸವರಿ ಕೊಡುವುದು ಅವಳ ಕಸುಬು. ನಮ್ಮೆದುರಿಗೇ ಒಂದು ಹಸಿರು ಬಾಗಿಲಿದೆ. ನಿಮ್ಮವರು ಪೋಸ್ಟರು ಅಂಟಿಸಿದ್ದು ಅದರ ಮೇಲೆ.

ಏನು ಪೋಸ್ಟರದು. ಎಡಕ್ಕೆ ಬಾಡಿದ ಸವತಿಕಾಯಿ, ಬಲಕ್ಕೆ ಕೆಂಪಗೆ ಮಿರಮಿರ ಮಿಂಚುವ ಕ್ರ್ಯಾನ್‌ಬೆರಿ ಹಣ್ಣು. ಸವತಿಕಾಯಿಯ ಕೆಳಗೆ ‘ಬರೀ ನೀರು’ ಎಂದು ಬರೆದಿದೆ. ಕ್ರ್ಯಾನ್‌ಬೆರಿಯ ಕೆಳಗೆ ‘ಶಕ್ತಿಯ ಗಣಿ, ಉರಿಮೂತ್ರಕ್ಕೆ ರಾಮಬಾಣ’ ಎಂದಿದೆ. ಹೆಸರು ಸವತಿಕಾಯಿ ಆದ ಮಾತ್ರಕ್ಕೆ ಅದನ್ನು ಸವತಿಯ ಹಾಗೆ ಕಾಣಬೇಕೆಂದು ನಿಮಗೆ ಯಾರು ಹೇಳಿದರು? ಜೋಳದ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಪುಡಿ ಹಾಕಿದ ಸವತಿಕಾಯಿ ಪಚಡಿ ಇಲ್ಲದ ಊಟವನ್ನು ನಾವು ಊಟ ಎಂದು ಕರೆದವರಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಜನರ ಬುದ್ಧಿಗೇಡಿತನವನ್ನು ಹಂಗಿಸಲು ಹುಟ್ಟಿದ್ದು. ನೀವು ಅದನ್ನೇ ಇಲಾಖೆಯ ಧ್ಯೇಯ ಮಾಡಿಕೊಂಡಿರಿ.

ನನ್ನ ಮಗಳು ನೇಹಾ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ಪೋಸ್ಟರು ಖರೆಯೋ ಸುಳ್ಳೋ ನೋಡು ಎಂದು ಅವಳಿಗೆ ಹೇಳಿದೆ. ಅವಳು ಹುಡುಕಿ ಹೇಳಿದಳು, ಕ್ರ್ಯಾನ್‌ಬೆರಿಯಲ್ಲಿ ಸಿ ಜೀವಸತ್ವ ಹೆಚ್ಚು, ನಾರು ಹೆಚ್ಚು. ಒಪ್ಪಿದೆ, ನನಗೆ ಆ ಹಣ್ಣಿನ ಮೇಲೆ ಹಗೆಯಿಲ್ಲ. ಆದರೆ ಪೊಟ್ಯಾಸಿಯಂ, ಕೆ ಜೀವಸತ್ವ ಸವತಿಕಾಯಿಯಲ್ಲೇ ಹೆಚ್ಚು. ಇದನ್ನು ಬರೆಯಲು ಪೋಸ್ಟರಿನಲ್ಲಿ ಜಾಗ ಸಾಲಲಿಲ್ಲವೇ? ನಿಮ್ಮ ಮುಖದ ಫೋಟೊಕ್ಕೆ ಸಾಕಷ್ಟು ಸಾಲಿದೆ. ಇನ್ನು ‘ಬರೀ ನೀರು’ ಎಂದಿರಲ್ಲ, ಗಿಡದಿಂದ ಕಿತ್ತ ಕ್ರ್ಯಾನ್‌ಬೆರಿಯೂ ಬಹುಪಾಲು ನೀರೇ. ಒಣಗಿಸಿ ಪಾಕೀಟಿಗೆ ತುಂಬಿದಾಗ ನೀರು ಹೋಗಿ ಆ ಜಾಗಕ್ಕೆ ಸಕ್ಕರೆ ಬರುತ್ತದೆ. ರಾಮಬಾಣದ ಮಾತೂ ಅಷ್ಟೇ. ಉರಿಮೂತ್ರ ಮೇಲಿಂದ ಮೇಲೆ ಮರುಕಳಿಸುವವರಿಗೆ ಅದು ಅಷ್ಟಿಷ್ಟು ತಡೆಯಾದೀತು, ಬಂದ ರೋಗವನ್ನು ವಾಸಿ ಮಾಡುವ ಔಷಧವಲ್ಲ ಎಂದು ತಿಳಿದವರು ಹೇಳುತ್ತಾರೆ. ಅದೂ ಇರಲಿ, ಆ ಹಣ್ಣು ಬೆಳೆಯುವುದು ಚಳಿದೇಶದ ಜವುಗು ನೆಲದಲ್ಲಿ. ಬೀಳಗಿಯ ಹಿನ್ನೀರಿನ ದಂಡೆಯಲ್ಲಿ ಬೆಳೆದು ಬಸ್ಸಿಗೆ ಹಾಕಿ ಕಳಿಸುತ್ತಾರೆ ಎಂದುಕೊಂಡಿರಾ? ನನ್ನ ಅಂಗಡಿಯಲ್ಲಿಲ್ಲ. ಸಾವಳಗಿಯಿಂದ ಬರುವ ಗಿರಾಕಿಗಳನ್ನು ಕೇಳಿದೆ, ಅಲ್ಲೂ ಇಲ್ಲ. ಸಿಗದ ಹಣ್ಣನ್ನು ಹೊಗಳಿ, ಸಿಗುವ ಕಾಯಿಯನ್ನು ಹಳಿದು, ಅದಕ್ಕೆ ಜಾಗೃತಿ ಎಂದು ಹೆಸರಿಟ್ಟಿದ್ದೀರಿ.

ಸಂಕ್ರಾಂತಿಯ ಹೊತ್ತಿಗೆ ನೀವೇ ಬಂದು ಸಂತೆಯ ಹೆಂಗಸರನ್ನು ಕೂಡಿಸಿ ಭಾಷಣ ಮಾಡಿದಿರಿ. ಭಾಗವ್ವನ ಬುಟ್ಟಿಯದೇ ಒಂದು ಸವತಿಕಾಯಿ ಎತ್ತಿ ಹಿಡಿದು, ಇದರಲ್ಲಿ ಏನೂ ಇಲ್ಲ ಎಂದಿರಿ. ಅದನ್ನು ಬೆಳೆದು, ಹೊತ್ತು ತಂದವಳು ಎದುರಿಗೇ ಕುಳಿತಿದ್ದಳು, ನೀವು ನೋಡಲಿಲ್ಲ. ಅವಳು ಮಾತ್ರ ನಿಮ್ಮ ಮಾತನ್ನು ಕಿವಿಗೊಟ್ಟು ಕೇಳಿದಳು. ಯಾಕೆಂದರೆ ಆಗಲೇ ಅವಳಿಗೆ ಒಂದಕ್ಕೆ ಹೋದರೆ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವ ರೋಗವೇ ಅದು? ನೀವು ಕ್ರ್ಯಾನ್‌ಬೆರಿ ಎಂದಿರಿ, ಅವಳಿಗೆ ಅದು ‘ಖರೇನ ಬಾರಿ’ ಎಂದು ಕೇಳಿಸಿತು. ನಿಮಗೆ ಗೊತ್ತಿರಲಿಕ್ಕಿಲ್ಲ, ಬೋರೆಹಣ್ಣಿಗೆ ಇಲ್ಲಿ ಬಾರಿಹಣ್ಣು ಎನ್ನುತ್ತೇವೆ, ನಿಜವಾಗಿಯೂ ಎನ್ನಲು ಖರೇನ ಎನ್ನುತ್ತೇವೆ. ಸಾಹೇಬರು ಹೇಳಿದ ಮೇಲೆ ಮುಗಿಯಿತು. ಚಿಮ್ಮಡದ ಬದುವಿನಲ್ಲಿ ಬಾರಿಗಿಡಗಳಿಗೇನು ಕೊರತೆ? ದವಾಖಾನೆಗೆ ಹೋಗುವುದನ್ನು ಬಿಟ್ಟು, ದಿನವೂ ಉಡಿ ತುಂಬ ಬಾರಿಹಣ್ಣು ಆರಿಸಿ ತಿಂದಳು. ಉರಿ ಸೊಂಟಕ್ಕೆ ಏರಿತು, ಚಳಿಜ್ವರ ಬಂತು. ಕೊನೆಗೆ ಸಂತೆಯಲ್ಲೇ ಬುಟ್ಟಿಯ ಮೇಲೆ ಒರಗಿಬಿಟ್ಟಳು.

ಜಮಖಂಡಿಯ ದವಾಖಾನೆಗೆ ನೋಡಲು ಹೋಗಿದ್ದೆ. ಕೈಗೆ ಸಲಾಯಿನ್ ಹಚ್ಚಿದ್ದರು. ನನ್ನನ್ನು ಕಂಡು ಎದ್ದು ಕೂರಲು ಹೋದಳು, ಬೇಡ ಎಂದೆ. ಆಗಲೇ ಅವಳು ಬಾರಿಹಣ್ಣಿನ ಕಥೆ ಹೇಳಿದ್ದು.

“ಸಾಹೇಬ್ರು ಹೇಳಿದ್ರಂತ ದಿನಾ ತಿಂದ್ನಿರಿ ಅಕ್ಕಾರ. ನಾ ತಿಂದಿದ್ದು ಸುಳ್ಳ ಬಾರಿ ಇದ್ದೂ ಅಂತ ಕಾಣತೈತಿ.”

ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಇವತ್ತಿಗೂ ಇಳಿದಿಲ್ಲ. ತಪ್ಪು ಹಣ್ಣಿನದು, ತನ್ನ ಕಿವಿಯದು ಎಂದುಕೊಂಡಳೇ ಹೊರತು ನಿಮ್ಮ ಮೇಲೆ ಒಂದು ಮಾತು ಆಡಲಿಲ್ಲ. ಸೋಂಕು ಕಿಡ್ನಿಗೆ ಏರಿತ್ತು, ಈ ಸಲ ಪಾರಾದಳು ಎಂದು ಡಾಕ್ಟರಬಾಯಿಯವರು ನನ್ನನ್ನು ಹೊರಗೆ ಕರೆದು ಹೇಳಿದರು. ಹೀಗೇ ಮತ್ತೆ ಮತ್ತೆ ಆದರೆ ಕಿಡ್ನಿ ಉಳಿಯುವುದು ಕಷ್ಟವಂತೆ. ನೀರು ಚೆನ್ನಾಗಿ ಕುಡಿಯಬೇಕು, ಒಂದಕ್ಕೆ ಬಂದರೆ ತಡೆದುಕೊಳ್ಳಬಾರದು, ಸವತಿಕಾಯಿ ಮಾರುವವಳು ತಾನೂ ನಾಲ್ಕು ತಿಂದರೇನು ಎಂದು ಒಳಗೆ ಬಂದು ಅವಳನ್ನು ಬೈದರು. ಆ ಬೈಗುಳ ನಿಮಗೆ ಸಲ್ಲಬೇಕಾದದ್ದು.

ಈಗ ಬೀಗದ ಮಾತಿಗೆ ಬರುತ್ತೇನೆ. ನಿಮ್ಮ ಪೋಸ್ಟರು ಅಂಟಿರುವ ಆ ಹಸಿರು ಬಾಗಿಲು ಯಾವುದು ಗೊತ್ತೇ? ಅದು ಹೆಂಗಸರ ಶೌಚಾಲಯ. ಇಡೀ ಪೇಟೆಗೆ ಇರುವುದು ಅದೊಂದೇ. ವರ್ಷಗಟ್ಟಲೆ ಬೇಡಿಕೊಂಡ ಮೇಲೆ ದೀಪಾವಳಿಗೆ ತೆರೆದಿತ್ತು. ಆ ಕೆಲವು ವಾರ ನಾವೂ ಮನುಷ್ಯರ ಹಾಗೆ ನೀರು ಕುಡಿದೆವು. ಅಷ್ಟರಲ್ಲಿ ನಿಮ್ಮ ಸಪ್ತಾಹದ ಸಾಮಾನು ಬಂದು ಇಳಿಯಿತು. ಬ್ಯಾನರು, ಕುರ್ಚಿ, ರಟ್ಟಿನ ದೊಡ್ಡ ಕ್ರ್ಯಾನ್‌ಬೆರಿ, ಪೋಸ್ಟರಿನ ಕಟ್ಟುಗಳು. ಇಡಲು ಜಾಗ ಬೇಕೆಂದು ಎಲ್ಲವನ್ನೂ ಅದರೊಳಗೆ ತುರುಕಿ ಬೀಗ ಜಡಿದು, ಕೀಲಿಕೈ ನಿಮ್ಮ ಕಚೇರಿಗೆ ಒಯ್ದಿರಿ. ಸಪ್ತಾಹ ಮುಗಿದರೂ ಅದು ವಾಪಸು ಬಂದಿಲ್ಲ. ಗಂಡಸರಿಗೇನು, ಗೋಡೆಯ ಹಿಂದೆ ಊರೆಲ್ಲ ಅವರದೇ. ಬೆಳಿಗ್ಗೆ ಬುಟ್ಟಿ ಇಳಿಸಿ ಹೊತ್ತು ಮುಳುಗುವ ಬಸ್ಸಿಗೆ ಏರುವ ಹೆಂಗಸರು ಏನು ಮಾಡಬೇಕು? ನೀರು ಕುಡಿಯುವುದನ್ನೇ ಬಿಡುತ್ತಾರೆ. ನಾನೂ ಬಿಟ್ಟಿದ್ದೇನೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ, ಅದು ನಮ್ಮ ವ್ರತ. ಆದರೆ ಹಗಲಿನ ನೀರನ್ನೂ ಬಿಡಿ ಎಂದು ನಮ್ಮ ಯಾವ ಮುನಿಗಳೂ ಹೇಳಿಲ್ಲ. ಆ ವ್ರತ ಕೊಟ್ಟವರು ನೀವು.

ಹೆಂಗಸರು ನೀರು ಬಿಡುವ ಹಾಗೆ ಮಾಡಿದಿರಿ. ನೀರು ಬಿಟ್ಟದ್ದಕ್ಕೆ ರೋಗ ಬಂತು. ಆ ರೋಗಕ್ಕೆ ಸಿಗದ ಹಣ್ಣೊಂದನ್ನು ಹೇಳಿ, ಹೇಳಿದ ಕಾಗದವನ್ನು ಅದೇ ಬಾಗಿಲಿಗೆ ಅಂಟಿಸಿದಿರಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ ಅಲ್ಲವೇ?

ಹೋದ ಸಂತೆಗೆ ಭಾಗವ್ವ ಮತ್ತೆ ಬಂದಳು. ಶಿವರಾತ್ರಿಗೆ ಮೊದಲೇ ಬಿಸಿಲು ಚುರುಗುಡುತ್ತಿದೆ, ಸವತಿಕಾಯಿಗೆ ಗಿರಾಕಿ ಜೋರು. ಮಧ್ಯಾಹ್ನ ಅವಳ ತುಟಿ ಒಡೆದದ್ದು ನೋಡಿ, ಡಾಕ್ಟರು ಹೇಳಿದ್ದು ಮರೆತೆಯೇನು, ಒಂದು ಹೋಳಾದರೂ ತಿನ್ನು ಎಂದು ಗದರಿಸಿದೆ. ಸೀಳಿ ಕೈಯಲ್ಲಿ ಹಿಡಿದಳು. ಹಸಿರು ಬಾಗಿಲಿನ ಕಡೆ ಒಮ್ಮೆ ನೋಡಿ, ಹಿಡಿದದ್ದನ್ನು ಮತ್ತೆ ಬುಟ್ಟಿಯಲ್ಲಿಟ್ಟಳು.

“ಮನಿಗಿ ಹೋಗಿ ತಿಂತೇನ್ರಿ ಅಕ್ಕಾರ.”

ನನಗೆ ಕಾಯಿ ಮೇಲೋ ಹಣ್ಣು ಮೇಲೋ ಎಂಬ ವಾದ ಬೇಕಿಲ್ಲ, ಪರಿಹಾರ ಬೇಕಿಲ್ಲ, ತನಿಖೆಯೂ ಬೇಕಿಲ್ಲ. ಮುಂದಿನ ಸಂತೆಯ ಬೆಳಿಗ್ಗೆ ಆ ಕೀಲಿಕೈ ನಮ್ಮ ಪೇಟೆಗೆ ಬರಬೇಕು. ನಿಮ್ಮ ರಟ್ಟಿನ ಹಣ್ಣನ್ನು ಒಯ್ಯಿರಿ, ಬಾಗಿಲು ತೆಗೆಯಿರಿ. ತೆಗೆಯುವಾಗ ಪೋಸ್ಟರು ಹರಿಯುತ್ತದೆ, ಹರಿಯಲಿ. ಕೀಲಿಕೈ ಕಳಿಸುವುದು ಆಗದಿದ್ದರೆ ನೀವೇ ಬನ್ನಿ. ಭಾಗವ್ವ ಸವತಿಕಾಯಿ ಸೀಳಿ ಕೊಡುತ್ತಾಳೆ, ನಾನು ತಂಬಿಗೆ ತುಂಬ ನೀರು ಕೊಡುತ್ತೇನೆ. ತಿಂದು, ಕುಡಿದು, ಚಿಮ್ಮಡದ ಬಸ್ಸು ಬರುವವರೆಗೆ ನಮ್ಮ ನಡುವೆ ಕುಳಿತಿರಿ. ಏಳಬಾರದು.

ಇಂತಿ,
ಬೆಳಗಿನಿಂದ ತುಂಬಿದ ತಂಬಿಗೆಯನ್ನು ಮುಂದಿಟ್ಟುಕೊಂಡು ಮುಟ್ಟದೆ ಕುಳಿತಿರುವ
ರಾಜಮತಿ
ಕಿರಾಣಿ ಅಂಗಡಿ, ಹಸಿರು ಬಾಗಿಲಿನ ಎದುರು